ಬಿಚ್ಚಿದ ಹೊಲಿಗೆ

ಸೌರಮ್ಮ ಬಂದು ಮಿಷನ್ನಿನ ಮೇಲೆ ರವಿಕೆ ಇಟ್ಟಳು.
ರೇಷ್ಮೆ. ಗಿಳಿಹಸಿರು.
‘ತೋಳು ಗಿಡ್ಡ ಆಯ್ತು, ಮಡಿಕೆ ಬಿಚ್ಚಿ ಒಂದಿಂಚು ಇಳಿಸು,
ಭಾನುವಾರಕ್ಕೆ ಬೇಕು’ ಅಂದಳು,
ಏನೂ ಆಗೇ ಇಲ್ಲವೆಂಬಂತೆ.

ಆಗಿದ್ದು ನಾಲ್ಕು ವರ್ಷದ ಹಿಂದೆ.
ರಾಯಪ್ಪನನ್ನು ಕಲ್ಪಳ್ಳಿಯ ಮಣ್ಣಿಗೆ ಕೊಟ್ಟು ಬಂದ ಸಂಜೆ
ನಮ್ಮದೇ ಅಡುಗೆಮನೆಯಲ್ಲಿ, ನಮ್ಮದೇ ಲೋಟದಲ್ಲಿ ಕಾಫಿ ಕುಡಿಯುತ್ತ
ಯಾರಿಗೋ ಹೇಳುತ್ತಿದ್ದಳು:
‘ಒಂದು ದಿನ ಮುಂಚೆ ಆಸ್ಪತ್ರೆಗೆ ಹಾಕಿದ್ದರೆ ಉಳೀತಿದ್ದ.
ದುಡ್ಡಿನ ಮುಖ ನೋಡಿದಳು.’
ನಾನು ಬಾಗಿಲ ಹಿಂದೆ
ಸಕ್ಕರೆ ಡಬ್ಬಿ ಹಿಡಿದು ನಿಂತಿದ್ದೆ.

ಅಂದಿನಿಂದ ಪ್ರತಿ ಭಾನುವಾರ ಪೂಜೆಯಲ್ಲಿ
ಆಕೆ ನನಗಿಂತ ಎರಡು ಬೆಂಚು ಮುಂದೆ.
ಜಪದಲ್ಲಿ ಆ ಒಂದು ಸಾಲು ಬಂದಾಗ
ತುಟಿ ಮಾತ್ರ ಆಡಿಸುತ್ತೇನೆ, ದನಿ ಬಿಡುವುದಿಲ್ಲ.
ಸ್ವಾಮಿಗಳು ಸಮಾಧಾನ ಹಂಚಿಕೊಳ್ಳಿ ಅಂದಾಗ
ಎಡಕ್ಕೆ ಕೈಮುಗಿಯುತ್ತೇನೆ, ಬಲಕ್ಕೆ ಮುಗಿಯುತ್ತೇನೆ,
ಆಕೆ ಹಿಂದಕ್ಕೆ ತಿರುಗುವ ಹೊತ್ತಿಗೆ
ಚೀಲದಲ್ಲಿ ಏನೋ ಹುಡುಕುತ್ತಿರುತ್ತೇನೆ.

ಕ್ಷಮಿಸಿದ್ದೇನೆ ಅಂತ ಪಾಪನಿವೇದನೆಯಲ್ಲಿ ಹೇಳಿಯೂ ಬಿಟ್ಟಿದ್ದೆ,
ತಪಸ್ಸುಕಾಲದಲ್ಲಿ, ಎರಡು ಸಲ.
ಹಚ್ಚಿಟ್ಟ ಮೊಂಬತ್ತಿ ಕರಗುವ ಮುಂಚೆ
ಒಳಗೆ ಮತ್ತೆ ಹೊತ್ತಿಕೊಂಡಿತ್ತು.
ಇದೂ ಹಾಲಿನ ಪ್ಯಾಕೆಟ್ಟಿನಂಥದೇ ಇರಬೇಕು,
ನಿನ್ನೆಯದು ಇವತ್ತಿಗೆ ಬರುವುದಿಲ್ಲ.
ಚಳಿಯಿರಲಿ, ಮಂಡಿ ನೋಯಲಿ,
ಐದೂವರೆಗೆ ಎದ್ದು ಮತ್ತೆ ಬೂತಿಗೆ ಹೋಗಬೇಕು.

ರವಿಕೆಯನ್ನು ಮೂರು ದಿನ ಮುಟ್ಟಲಿಲ್ಲ.
ಕೇಳಲು ಬಂದ ಅವಳ ಮಗಳು ಬ್ರಿಜಿತ್ತಾಳಿಗೆ
‘ಕರೆಂಟಿರಲಿಲ್ಲ ಕಣಮ್ಮ’ ಅಂದೆ.
ಕಾಲಲ್ಲಿ ತುಳಿಯುವ ಮಿಷನ್ನಿಗೆ ಕರೆಂಟು!
ಹುಡುಗಿ ಪೆಡಲು ನೋಡಿದಳು, ನನ್ನ ಮುಖ ನೋಡಿದಳು,
‘ಆಯ್ತು ಆಂಟಿ’ ಅಂದಳು.

ಆ ‘ಆಯ್ತು’ ರಾತ್ರಿಯಿಡೀ ನಿದ್ದೆಗೆಡಿಸಿತು.
ನಾನು ಕೇಳದೆಯೇ ಕೊಟ್ಟುಬಿಟ್ಟಳಲ್ಲ,
ಬಸ್ಸಿನಲ್ಲಿ ಯಾರಿಗೋ ಚಿಲ್ಲರೆ ಕೊಟ್ಟ ಹಾಗೆ.

ಶನಿವಾರ ಊಟವಾದ ಮೇಲೆ ಬಿಚ್ಚಲು ಕೂತೆ.
ಮರಿಯಣ್ಣಪಾಳ್ಯ ಮಲಗಿತ್ತು,
ಹೆಬ್ಬಾಳದ ಮೇಲ್ಸೇತುವೆಯ ಲಾರಿಗಳು ಮಲಗಿರಲಿಲ್ಲ.
ತಿರುಹೃದಯದ ಪಟದ ಕೆಳಗಿನ ಕೆಂಪು ಬಲ್ಬಿನಲ್ಲಿ
ಒಂದೊಂದೇ ದಾರ, ಬ್ಲೇಡು ಜಾರದಂತೆ.
ದಾರ ಬಂತು. ತೂತು ಉಳಿಯಿತು.
ಹತ್ತಿಯಾದರೆ ನೀರು ಚಿಮುಕಿಸಿ ಉಗುರಲ್ಲಿ ಉಜ್ಜಿದರೆ
ಎಳೆಗಳು ತಾವೇ ಸರಿದು ಕೂಡಿಕೊಳ್ಳುತ್ತವೆ.
ರೇಷ್ಮೆ ಮರೆಯುವುದಿಲ್ಲ.
ಪ್ರಭುವೇ, ಇಪ್ಪತ್ತೆರಡು ವರ್ಷ ಹೊಲಿದಿದ್ದೇನೆ,
ನಾನು ಯಾವ ಬಟ್ಟೆ ಅಂತ
ಇನ್ನೂ ನನಗೇ ಗೊತ್ತಿಲ್ಲ.

ತೂತುಗಳ ಸಾಲಿನ ಮೇಲೆ ತೆಳ್ಳನೆಯ ಜರಿಯಂಚು ಕೂರಿಸಿದೆ,
ನನ್ನದೇ ಪೆಟ್ಟಿಗೆಯದು.
ಅದರ ಕಾಸು ಲೆಕ್ಕಕ್ಕೆ ಹಿಡಿಯಲಿಲ್ಲ.
ಹಿಡಿಯಲಿಲ್ಲ ಅನ್ನುವುದನ್ನು
ನಿನ್ನ ಕಿವಿಗೆ ಹಾಕಿಬಿಟ್ಟೆ, ನೋಡು.

ಭಾನುವಾರ. ಎರಡು ಬೆಂಚು ಮುಂದೆ
ಗಿಳಿಹಸಿರು ತೋಳು, ಅಂಚಿನಲ್ಲಿ ನನ್ನ ಜರಿ.
ಆ ಸಾಲು ಬಂತು.
ಅರ್ಧಕ್ಕೆ ದನಿ ಹೊರಟಿತು,
ಒಡಕು ದನಿ, ಪಕ್ಕದವರು ತಿರುಗಿ ನೋಡುವಷ್ಟು.
ಉಳಿದರ್ಧಕ್ಕೆ
ನಾಳೆ ಬೆಳಿಗ್ಗೆ ಮತ್ತೆ ಬೂತಿಗೆ ಹೋಗಬೇಕು.