ಎಡಗಣ್ಣು

ಬಲಗಣ್ಣು ಚಾನಲ್ಲಿಂದು.
ತಿಂಗಳಿಗೆ ಒಂಬತ್ತು ಸಾವಿರಕ್ಕ
ಕ್ಯಾಮೆರಾದ ತೂತಿಗೆ ಹಚ್ಚಿ ಕೊಟ್ಟೀನಿ.
ಎಡಗಣ್ಣು ಮುಚ್ಚಬ್ಯಾಡ ಅಂತಿದ್ದ
ಮದುವಿ ವಿಡಿಯೊದ ಮಕ್ತುಂ ಉಸ್ತಾದ:
ಚೌಕಟ್ಟಿನ ಹೊರಗಿಂದ ಯಾರು ಓಡಿ ಬರ್ತಾರ
ಗೊತ್ತಿರಬೇಕು, ಬೇಟಾ.

ಹೆಣ್ಮಕ್ಕಳ ಕಬಡ್ಡಿ ಫೈನಲ್
ಮಾರ್ಚಿನ್ಯಾಗ, ಮಧ್ಯಾಹ್ನ ಒಂದಕ್ಕ, ಕಲಬುರಗಿಯ ಬಿಸಲಿಗೆ.
ಸಂಜಿ ತಂಪು ಗಂಡುಹುಡುಗರ ಕ್ರಿಕೆಟ್ಟಿಗೆ ಬೇಕಲ್ಲ,
ಅದಕ್ಕ ಸಿಮೆಂಟಿನವರ ಜಾಹೀರಾತು ಅದ.
ಲಾರಿಯಾಗ ತರಿಸಿ ಹಾಕಿದ ಕೆಂಪು ಮಣ್ಣು
ಕಾದು ಹಂಚಾಗಿತ್ತು.
ಹುಡುಗ್ಯಾರು ಅಂಗಾಲು ಎತ್ತಿ ಎತ್ತಿ ಇಡ್ತಿದ್ರು.

ಮೂವತ್ತೊಂದು, ಮೂವತ್ತೊಂದು.
ಕಡೀ ರೇಡ್.
ಶಹಾಬಾದಿನ ಜಗದೇವಿ ಉಸುರು ಹಿಡಿದು ಒಳಗ ಹೊಕ್ಕಳು.
ಅಷ್ಟರಾಗ ಕಿವಿಯೊಳಗ ಗುಂಡೇರಾವ್ ಸರ್:
ವೇದಿಕಿ ತೊಗೊ, ವೇದಿಕಿ! ಸಾಹುಕಾರರು ಬಂದ್ರು!
ತೊಗೊಂಡೆ.
ಕ್ಯಾಮೆರಾ ಹೊಳ್ಳಿತು, ಅದರ ಕೂಡ ಬಲಗಣ್ಣು.
ಶಾಲು. ಹಾರ. ಮತ್ತೊಂದು ಶಾಲು.
ಹಣ್ಣಿನ ಬುಟ್ಟಿ ಮ್ಯಾಲಿನ ಪ್ಲಾಸ್ಟಿಕ್ ಹಾಳಿಯ ಮಿಂಚು.
ನಲವತ್ತು ಸೆಕೆಂಡು
ಇಡೀ ಜಿಲ್ಲಾ ಅದನ್ನೇ ನೋಡ್ತು.

ಆ ನಲವತ್ತು ಸೆಕೆಂಡಿಗೆ ಈಗ ಎರಡು ಕಾಲೇಜು ಬಡದಾಡ್ತಾವ.
ಕೈ ಗೆರಿ ಮುಟ್ಟಿತ್ತು ಅಂತ ಒಬ್ರು,
ಇನ್ನೂ ಒಂದು ಗೇಣು ಇತ್ತು ಅಂತ ಒಬ್ರು.
ಅಂಪೈರು ಧೂಳಿನ ಮ್ಯಾಲ ಹಾಕಿ ಸುಮ್ಮನ ಕುಂತಾನ.
ಗೆದ್ದ ಕಾಲೇಜು ಸಾಹುಕಾರಂದು, ಚಾನಲ್ಲೂ ಸಾಹುಕಾರಂದು,
ಬೇಕಂತ ತೋರಿಸಿಲ್ಲ ಅಂತ ಪೇಪರಿನ್ಯಾಗ ಬಂತು.
ಆಳಂದ ನಾಕಾದ ಕೇಬಲ್ಲಿನವರು
ಚಾನಲ್ ಕಿತ್ತಿಟ್ರು. ಹಳೇ ಬಾಕಿಯ ಸಿಟ್ಟು ಅದು,
ಹೆಸರು ಮಾತ್ರ ನ್ಯಾಯದ್ದು.
ವಿಚಾರಣಾ ಸಮಿತಿ ಟೇಪ್ ತರಿಸಿ ನೋಡ್ತು:
ಶಾಲು. ಹಾರ. ಮತ್ತೊಂದು ಶಾಲು.
ಚಹಾ ಕುಡಿದು ಎದ್ದಿತು.

ನನ್ನೂ ಕರೆದಿದ್ರು.
ಏನು ನೋಡಿದಿ, ಲಾಲಪ್ಪ?
ಕ್ಯಾಮೆರಾ ನೋಡಿದ್ದೇ ನೋಡೀನ್ರಿ, ಅಂದೆ.
ಅರ್ಧ ಖರೆ. ಒಂದು ಕಣ್ಣಿನಷ್ಟು ಖರೆ.

ಇನ್ನೊಂದು ಕಣ್ಣಿನ್ಯಾಗ ಆಕಿ ಇನ್ನೂ ಬೋರಲ ಬಿದ್ದಾಳ.
ಕಾಲ ಮ್ಯಾಲ ಮೂರು ಮಂದಿ.
ಕೈ ಒಂದೇ ಮುಂದ ಮುಂದ ಹರಿದು
ಬೆರಳ ತುದಿಗೆ ಸುಣ್ಣ ಹತ್ತೇದ.
ಎದುರಾಳಿ ಕ್ಯಾಪ್ಟನ್ ಅಂಜುಮ್
ಸೀಟಿ ಊದೋಕಿಂತ ಮೊದಲೇ ಆಕಿ ಕಾಲು ಬಿಟ್ಟು
ತಲಿ ಮ್ಯಾಲ ಕೈ ಹೊತ್ತಾಳ.

ಮೊನ್ನೆ ಸ್ಟೇಷನ್ನಿನ್ಯಾಗ ಸಿಕ್ಕಿದ್ಳು ಜಗದೇವಿ,
ಶಹಾಬಾದ್ ಗಾಡಿಗೆ ಕಾಯ್ತಾ.
ಕಪ್ಪಿನ ಮಾತು ತೆಗಿಲಿಲ್ಲ.
ಅಣ್ಣಾ, ನಮ್ಮವ್ವ ಮಗ್ಗಲ ಮನಿಗೆ ಹೋಗಿ ಟೀವಿ ನೋಡಿದ್ಳು.
ನೀ ಎಲ್ಲಿ ಕಾಣಲೇ ಇಲ್ಲ,
ಯಾರಿಗೋ ಶಾಲು ಹೊಚ್ಚಲಿಕತ್ತಿದ್ರು, ಅಂದ್ಳು.
ಆಮ್ಯಾಲ, ನಾ ಏನೂ ಕೇಳದಿದ್ರೂ,
ಪರಸಿ ಬೆಂಚಿನ ಧೂಳಿನ್ಯಾಗ ಒಂದು ಗೆರಿ ಎಳೆದು
ಬೆರಳಿಟ್ಟು ತೋರಿಸಿದ್ಳು. ಉಗುರು ಮುರಿದಿತ್ತು.
ಇಷ್ಟು.

ನಾನೂ ನೋಡಿದ್ದು ಅಷ್ಟೇ ಇತ್ತು.
ಅದೇ ಅಳತಿ.