ಕಿಟಕಿಗೊಂದು ಚಕ್ಕುಬಂದಿ

ಹಾಸನದ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು
ಆರಡಿ ಅಗಲದ ಅಂಗಡಿ, ಮೇಲೆ ತಗಡು.
ಒಳಗೆ ಪತ್ರ ಬರೆಸುವ ದೊರೆಸ್ವಾಮಯ್ಯ,
ಅವರು ಹೇಳಿದ್ದನ್ನು ಕುಟ್ಟುವ ನಾನು,
ವರ್ಡ್ ಎತ್ತಲಾರದ ಮುದಿ ಕಂಪ್ಯೂಟರು.
ಪಕ್ಕದ ಜೆರಾಕ್ಸಿನ ಫರ್ಹಾನ ಹಾಕಿಕೊಟ್ಟ
ಹಗುರ ಎಡಿಟರಿನಲ್ಲಿ
ಬೆಳಗಿನಿಂದ ಸಂಜೆಯೊಳಗೆ ಕೈ ಬದಲಾಗುತ್ತದೆ
ದುದ್ದ, ಕಟ್ಟಾಯ, ಶಾಂತಿಗ್ರಾಮದ ನೆಲ.

ಒಂದು ಕಿಟಕಿಯಲ್ಲಿ ಕಟ್ಟಾಯದ ಅಣ್ಣತಮ್ಮಂದಿರ ಪಾಲುಪಟ್ಟಿ,
ಇನ್ನೊಂದರಲ್ಲಿ ದುದ್ದದ ಸೈಟಿನ ಕ್ರಯ.
ಕಿಟಕಿ ಎರಡಾದರೂ ಕಂಟ್ರೋಲ್ ಟ್ಯಾಬಿಗೆ
ಊರೆಲ್ಲ ಒಂದೇ ಕೇರಿ.
ತಮ್ಮನ ಹಾಳೆ ಬರಲೆಂದು ಒತ್ತಿದರೆ
ಯಾರದೋ ಸೈಟು ಬಂದು ನಿಲ್ಲುತ್ತದೆ;
ಕೂಗಿದ್ದು ಒಬ್ಬನನ್ನು, ಓಗೊಟ್ಟವನು ಇನ್ನೊಬ್ಬ.

ಕಾರ್ತೀಕದ ಒಂದು ಸೋಮವಾರ, ಜನವೋ ಜನ,
'ತೆರೆದ ಬಾವಿಯಲ್ಲಿ ಅರ್ಧ ಪಾಲು, ಸರದಿಯ ಮೇಲೆ ನೀರು'
ಎಂಬ ಸಾಲು
ನಲ್ಲಿಯೂ ಇಲ್ಲದ ಮೂವತ್ತು ನಲವತ್ತರ ಸೈಟಿಗೆ
ಹೋಗಿ ಕೂತಿತು.
ಕೊಂಡ ಮೇಷ್ಟ್ರು ಓದಿ ನಕ್ಕರು.
ಅಣ್ಣತಮ್ಮಂದಿರು ನಗಲಿಲ್ಲ.
"ನಮ್ಮ ಬಾವಿ ಅವ್ರಿಗ್ಯಾವಾಗ ಬರ್ಕೊಟ್ರಿ?"
ಛಾಪಾ ಕಾಗದ ಹಾಳು.
ದೊರೆಸ್ವಾಮಯ್ಯ ಬೈಯಲಿಲ್ಲ, ಕನ್ನಡಕ ತೆಗೆದು
ಬಹಳ ಹೊತ್ತು ಒರೆಸಿದರು.

"ತಡೀರಿ ಸುಂದ್ರಕ್ಕ, ಒಂದು ಪ್ಲಗಿನ್ ಬರೀತೀನಿ" ಅಂದಳು ಫರ್ಹಾನ,
ಪಾಲಿಟೆಕ್ನಿಕ್ಕಿನ ಕೊನೆಯ ವರ್ಷದವಳು.
ಜೆರಾಕ್ಸಿಗೆ ಯಾರೂ ಬಾರದ ಮೂರು ಮಧ್ಯಾಹ್ನ
ಡಬ್ಬಿಯ ಮುಚ್ಚಳದಲ್ಲಿ ಖರ್ಜೂರದ ಬೀಜ ಪೇರಿಸುತ್ತ ಬರೆದಳು.
"ಏನಮ್ಮಾ ಅದು?"
"ಈ ಕಿಟಕೀಲಿ ತೆಗೆದ ಫೈಲು ಈ ಕಿಟಕೀಲೇ ತಿರುಗಬೇಕು ತಾತ,
ಆ ಕಡೇದು ಆ ಕಡೆಗೇ.
ಕೊನೇಲಿ ನೋಡಿದ್ದು ಮೊದಲು ಬರಬೇಕು."
"ಓ, ಚಕ್ಕುಬಂದಿ!
ಇಷ್ಟು ಹೇಳಕ್ಕೆ ಅಷ್ಟು ಇಂಗ್ಲಿಷ್ ಯಾಕೆ?"

ನಲವತ್ತು ಸಾಲು ಸಲೀಸು. ನಲವತ್ತೊಂದರಲ್ಲಿ ಸಿಕ್ಕಿಬಿದ್ದಳು.
ಒಂದೇ ಫೈಲು ಎರಡೂ ಕಿಟಕಿಯಲ್ಲಿ ತೆರೆದಿದ್ದರೆ
ಅದು ಯಾರ ಪಟ್ಟಿಗೆ?
ಇಲ್ಲಿ ಮುಚ್ಚಿದರೆ ಅಲ್ಲೂ ಮುಚ್ಚಬೇಕೆ?
ಮೌಸ್ ಮುಟ್ಟಿ ಗೊತ್ತಿಲ್ಲದ ಮುದುಕ
ನಶ್ಯದ ಚಿಟಿಕೆ ಹಿಡಿದೇ ತೀರ್ಪು ಕೊಟ್ಟರು:
"ಓಡಾಡೋ ದಾರಿ ಅಂತ ಬರ್ಕೊ. ಇಬ್ಬರ ಪಟ್ಟೀಲೂ ಇರ್ಲಿ.
ಒಬ್ಬ ಬೇಲಿ ಹಾಕ್ಕೊಂಡ ಅಂತ
ಇನ್ನೊಬ್ಬಂಗೆ ದಾರಿ ಮುಚ್ಚಬಾರದು."
ಫರ್ಹಾನ ಹಾಗೇ ಬರೆದಳು.
ಮೇಲೊಂದು ಟಿಪ್ಪಣಿ, ಯಂತ್ರ ಓದದ ಸಾಲು, ಕನ್ನಡದಲ್ಲಿ:
ದಾರಿ. ತಾತ ಹೇಳಿದ್ದು.

ಈಗ ಬೆರಳಿಗೆ ನೆಮ್ಮದಿ.
ಕಟ್ಟಾಯ ಕಟ್ಟಾಯದಲ್ಲಿ, ದುದ್ದ ದುದ್ದದಲ್ಲಿ,
ಬಾವಿ ಇದ್ದಲ್ಲೇ ಇದೆ.

ಮೂರನೆಯ ಕಿಟಕಿಯ ವಿಷಯ ಅವಳಿಗೆ ಹೇಳಿಲ್ಲ.
ಅದರಲ್ಲಿ ಒಂದೇ ಫೈಲು, ಹಕ್ಕು ಬಿಡುಗಡೆ ಪತ್ರ.
"ನಿನ್ ಕೈಯಲ್ಲೇ ಕೆಲಸ ಐತಲ್ಲ, ನೀನೇ ಟೈಪ್ ಮಾಡ್ಕೊಂಬುಡು,
ಬರವಣಿಗೆ ಖರ್ಚೂ ಉಳೀತದೆ" ಅಂದಿದ್ದ ಅಣ್ಣ.
ಎಷ್ಟು ಅಕ್ಕತಂಗಿಯರಿಗೆ ಇದೇ ಸಾಲು ಕುಟ್ಟಿದ್ದೇನೆ!
'ಅರಿಶಿನ ಕುಂಕುಮದ ಬಾಬ್ತು ಹಣ ಪಡೆದು, ಸ್ವಸಂತೋಷದಿಂದ...'
ಸಂತೋಷದ ಆಚೆ ಕರ್ಸರು ಮಿಣುಕುತ್ತದೆ,
ಅದರಾಚೆ ನನ್ನ ಹೆಸರಿಗೆ ಜಾಗ.

ಮೊದಲೆಲ್ಲ ಯಾರ ಪತ್ರದ ನಡುವೆ ಬೇಕಾದರೂ ಎದ್ದು ಬರುತ್ತಿತ್ತು,
ಗಿರಾಕಿ ಎದುರಿಗೇ ಕೂತಿರುವಾಗ.
ಈಗ ನಾನಾಗಿ ಹೋದರೆ ಉಂಟು.
ಹೋಗಿ ಟ್ಯಾಬ್ ಒತ್ತಿದರೆ
ತಿರುಗಲು ಇನ್ನೊಂದು ಇಲ್ಲದೆ
ಅದು ತನ್ನಲ್ಲಿಗೇ ಮರಳುತ್ತದೆ.

ಐದೂವರೆಗೆ ಷಟರ್ ಎಳೆಯುತ್ತ ದೊರೆಸ್ವಾಮಯ್ಯ,
"ಎಲ್ಲಾ ಮುಚ್ಚಿದ್ಯೇನಮ್ಮ?"
"ಎರಡು ಮುಚ್ಚಿದೆ" ಅಂದೆ.
ಜುಬ್ಬದ ಜೇಬಲ್ಲಿ ಬೀಗದ ಕೈ ಹುಡುಕಿದರು.
ಎಷ್ಟಿದ್ದವು ಎಂದು ಕೇಳಲಿಲ್ಲ.