ಎರಡು ಡಾಲರ್ ಬಾಕಿ

ಗುರುವಾರ ಬೆಳಿಗ್ಗೆ ಏಳೂವರೆಗೆ ಶುರುವಾಯಿತು.
ಹನ್ನೊಂದಕ್ಕೆಲ್ಲ ಗೋಪುರ ಇರಲಿಲ್ಲ.
ಕಟ್ಟಲು ಎಂಟು ಚಳಿಗಾಲ ಹಿಡಿದಿತ್ತಂತೆ;
ಬೇಸಿಗೆಯಲ್ಲಿ ಊರೆಲ್ಲ ಕಡಲ ಮೇಲೆ, ಕಾಡ್ ಮೀನಿನ ಹಿಂದೆ.

ನೋವಾ ಸ್ಕೋಷಿಯಾದ ಈ ಮೂಲೆಯಲ್ಲಿ
ದೋಣಿ ಕಟ್ಟುವವರೇ ಕಟ್ಟಿದ ಇಗರ್ಜಿ ಅದು.
ಬೇರೆ ಕೆಲಸ ಬರುತ್ತಿರಲಿಲ್ಲ ಅವರಿಗೆ.
ಒಳಗೆ ಕೂತು ತಲೆಯೆತ್ತಿದರೆ
ಬೋರಲಾದ ಹಡಗಿನ ಹೊಟ್ಟೆ;
ಅದರಡಿ ನಾವು, ಮುಳುಗಿದವರೋ ಉಳಿದವರೋ,
ಪಾದ್ರಿ ಒಮ್ಮೆಯೂ ಬಿಡಿಸಿ ಹೇಳಲಿಲ್ಲ.

ಸಮಿತಿಯವರ ಲೆಕ್ಕ ಸರಿಯೇ ಇತ್ತು.
ಮಾಡಿನ ರಿಪೇರಿಗೆ ಮೂವತ್ತು ಲಕ್ಷ,
ಭಾನುವಾರಕ್ಕೆ ಹದಿನಾಲ್ಕು ತಲೆ,
ಅದರಲ್ಲಿ ಎರಡು ಹೀಟರಿನ ಆಸೆಗೆ ಬಂದವು.
ನಾನೂ ಕೈ ಎತ್ತಿದೆ, ಕೆಡವುವುದರ ಪರ.
ಇಳಿಸುವಾಗ ಎಲ್ಲಿಡಬೇಕೆಂದು ತಿಳಿಯದೆ
ಕೋಟಿನ ಜೇಬಿಗೆ ತುರುಕಿದೆ.

ಯಂತ್ರ ನಡೆಸಿದವ ರೋಸೇರ್, ಡೆಲ್ಫೀನಳ ಕಿರಿಯ ಮಗ.
ಅಲ್ಲೇ ದೀಕ್ಷಾಸ್ನಾನವಾದವನು, ಅಲ್ಲೇ
ಕಾಣಿಕೆ ಡಬ್ಬಿಗೆ ಕೈಹಾಕಿ ಸಿಕ್ಕಿಬಿದ್ದವನು.
ಮೊದಲ ಏಟಿಗೆ ಮುಂಚೆ ಹೆಲ್ಮೆಟ್ ತೆಗೆದ.
ಮೇಲ್ವಿಚಾರಕ ಬೈದ. ಮತ್ತೆ ಹಾಕಿಕೊಂಡ.

ದೊಡ್ಡ ಸದ್ದೇನೂ ಬರಲಿಲ್ಲ.
ಉಪ್ಪುಗಾಳಿ ಕುಡಿದ ಮರ, ಇರುವೆ ತಿಂದ ಮರ
ಮುದುಕಿಯೊಬ್ಬಳು ಪ್ರಾರ್ಥನೆಗೆ ಕೂರುವ ಹಾಗೆ
ಮೊದಲು ಒಂದು ಮಂಡಿ ಊರಿತು,
ತುಸು ತಡೆದು, ಇನ್ನೊಂದು.

ಮಧ್ಯಾಹ್ನ ರೋಸೇರ್ ಕೂಗಿದ: ಇಲ್ಲಿ ಬಾ, ನೋಡು.
ಪೀಠದ ಹಿಂದಿನ ಹಲಗೆ, ಗೋಡೆಗೆ ಮುಖ ಮಾಡಿದ್ದ ಬದಿ.
ಬಡಗಿಯ ಪೆನ್ಸಿಲಿನಲ್ಲಿ, ನಿನ್ನೆ ಬರೆದಷ್ಟು ಕಪ್ಪಗೆ:
ಒನೆಸೀಮ್ ನನಗೆ ಎರಡು ಡಾಲರ್ ಕೊಡಬೇಕು.
ಕೊಡುವ ಪೈಕಿ ಅಲ್ಲ.
ದೇವರೇ ನೋಡಿಕೊಳ್ಳಲಿ.
ಸಹಿ ಇಲ್ಲ.

ಒನೆಸೀಮ್ ನನ್ನ ಮುತ್ತಜ್ಜ.
ಬಣ್ಣದ ಕಿಟಕಿಯ ಕೆಳಗೆ ಹಿತ್ತಾಳೆಯಲ್ಲಿ
ಅವನ ಹೆಸರಿತ್ತು, ದಾನಿ ಎಂದು.
ಪ್ರತಿ ಈಸ್ಟರಿಗೆ ನಿಂಬೆಹಣ್ಣು ಹಚ್ಚಿ ಉಜ್ಜಿದ್ದೇನೆ.

ನೂರಾ ಹದಿನಾರು ವರ್ಷ
ಪಾದ್ರಿಯ ಬೆನ್ನ ಹಿಂದೆ ಆ ದೂರು ನಿಂತೇ ಇತ್ತು.
ಎದುರಿಗೆ, ಚಿಕ್ಕವಳಿದ್ದಾಗ, ನಾನು
ನಮ್ಮ ಸಾಲ ಮನ್ನಿಸೆಂದು ಲ್ಯಾಟಿನಿನಲ್ಲಿ ಹಾಡುತ್ತ,
ಅರ್ಥ ಗೊತ್ತಿಲ್ಲದೆ, ಹೊಸ ಬೂಟು ನೋಡಿಕೊಳ್ಳುತ್ತ.

ಕೋಟಿನ ಜೇಬಿನಲ್ಲಿ ಎರಡು ಡಾಲರಿನ ನಾಣ್ಯ ಸಿಕ್ಕಿತು,
ಹಿಮಕರಡಿಯ ಚಿತ್ರದ್ದು.
ಗುಂಡಿಯ ಅಂಚಿನವರೆಗೂ ಹೋದೆ.
ಬಡ್ಡಿ ಎಷ್ಟಾಗಿದೆಯೋ, ಎಂದ ರೋಸೇರ್.
ನಕ್ಕೆ. ಎಸೆಯಲಿಲ್ಲ.
ಯಾರಿಗೆ ಕೊಡಬೇಕೋ ಅವನ ಹೆಸರು ಹಲಗೆಯಲ್ಲಿಲ್ಲ.
ನೋಡಿಕೊಳ್ಳಬೇಕಾದವನು ಇವತ್ತು ಮನೆ ಖಾಲಿ ಮಾಡಿದ,
ಹೊಸ ವಿಳಾಸ ಬಿಟ್ಟು ಹೋಗಿಲ್ಲ.